ಹದಿನೈದು ಸಾಲಿನ ಪುಟ

ಹಿಫ್ಜ್, ಅಂದರೆ ಕಂಠಪಾಠ, ಮಾಡಿದವರಿಗೆ ಕುರ್‌ಆನ್ ಕಿವಿಯಲ್ಲಿ ಉಳಿದಷ್ಟೇ ಕಣ್ಣಲ್ಲೂ ಉಳಿದಿರುತ್ತದೆ. ಆಯತ್ (ವಚನ) ಎಡಪುಟದ್ದೋ ಬಲಪುಟದ್ದೋ, ಮೇಲಿನಿಂದ ಎಷ್ಟನೇ ಸಾಲು, ಆ ಸಾಲು ಯಾವ ಪದಕ್ಕೆ ಮುಗಿಯುತ್ತದೆ ಎಂಬುದೆಲ್ಲ ಓದುತ್ತ ಓದುತ್ತ ತಲೆಯಲ್ಲಿ ಕೂತುಬಿಡುತ್ತದೆ. ನಮ್ಮಣ್ಣ ಹಾಫಿಜ್ ಆಗಲು ಕಲಿಯುತ್ತಿದ್ದ ಕಾಲದಲ್ಲಿ ರಜೆಗೆ ಬಂದಾಗ ಅವನ ಸಬಕ್ (ಪಾಠ) ಕೇಳಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ರಿಹಲ್ ಮೇಲೆ ಕುರ್‌ಆನ್ ಇಟ್ಟುಕೊಂಡು ಸಾಲಿನ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದೆ. ಅವನು ತಡೆದು ನಿಂತಾಗ ನಾನು ಪದ ಹೇಳಿಕೊಡುವ ಮೊದಲೇ, ‘ತಡಿ, ಬಲಗಡೆ ಪುಟ, ಕೆಳಗಿನಿಂದ ಮೂರನೇ ಸಾಲು ಅಲ್ವಾ?’ ಅನ್ನುತ್ತಿದ್ದ. ಜಾಗ ಸಿಕ್ಕಿತೆಂದರೆ ಪದ ತಾನಾಗಿ ಬಾಯಿಗೆ ಬರುತ್ತಿತ್ತು.

ಒಂದೇ ಥರದ ಆಯತ್‌ಗಳು ಎದುರಾದಾಗ ಇದರ ಬೆಲೆ ತಿಳಿಯುತ್ತದೆ. ಸೂರೆ (ಅಧ್ಯಾಯ) ರಹಮಾನ್‌ನಲ್ಲಿ ಒಂದೇ ಆಯತ್ 31 ಸಲ ಬರುತ್ತದೆ. ಮೂಸಾ ಪೈಗಂಬರರ ಪ್ರಸಂಗ ಹಲವು ಸೂರೆಗಳಲ್ಲಿ, ಚೂರುಪಾರು ಬದಲಾದ ಮಾತುಗಳಲ್ಲಿ ಬರುತ್ತದೆ. ಗಮನ ತಪ್ಪಿದರೆ ನಾಲಿಗೆ ಒಂದು ಸೂರೆಯಿಂದ ಇನ್ನೊಂದಕ್ಕೆ ಜಾರಿಬಿಡುತ್ತದೆ. ರಂಜಾನ್ ತಿಂಗಳ ತರಾವೀಹ್ ನಮಾಜ್‌ನಲ್ಲಿ ಇಮಾಮರ ಹಿಂದೆ ನಿಂತು ಲುಕ್ಮಾ ಕೊಡುವ, ಅಂದರೆ ತಪ್ಪಿದ ಪದ ಎತ್ತಿಕೊಡುವ, ಹಾಫಿಜ್ ಕಾಯುತ್ತಿರುವುದು ಈ ತಿರುವುಗಳನ್ನೇ. ನಮ್ಮ ಕಡೆಯ ಮಸೀದಿಗಳಲ್ಲಿ ಆ ಹೊತ್ತಿಗೆ ಯಾರ ಕೈಯಲ್ಲೂ ಪುಸ್ತಕ ಇರುವುದಿಲ್ಲ, ಫೋನೂ ಇರುವುದಿಲ್ಲ.

ಅದಕ್ಕೇ ಹಿಫ್ಜ್ ಕಲಿಸುವ ಹಜ್ರತ್‌ಗಳು ಮೊದಲೇ ಕಟ್ಟುನಿಟ್ಟು ಮಾಡುತ್ತಾರೆ: ಯಾವ ಪ್ರತಿಯಲ್ಲಿ ಶುರು ಮಾಡಿದೆಯೋ ಅದರಲ್ಲೇ ಮುಗಿಸು. ಬೈಂಡಿಂಗ್ ಬಿಟ್ಟರೆ ಹೊಸದು ಕೊಳ್ಳಬಹುದು, ಆದರೆ ಅದೇ ಛಾಪಾ ಆಗಿರಬೇಕು. ಶಿವಾಜಿನಗರದ ಕಿತಾಬ್ ಅಂಗಡಿಗಳಲ್ಲಿ ಈಗಲೂ ಮೊದಲು ಕೇಳುವುದು ‘ಎಷ್ಟು ಸಾಲಿನದು?’ ಅಂತಲೇ. 13 ಸಾಲಿನದು ಅಕ್ಷರ ದಪ್ಪ, ಪುಟ 850ರ ಹತ್ತಿರ. 16 ಸಾಲಿನದು 550ರೊಳಗೆ ಮುಗಿಯುತ್ತದೆ. ನಡುವೆ 15 ಸಾಲಿನ ಹಾಫಿಜಿ ಕುರ್‌ಆನ್. ನಮ್ಮ ಉಪಖಂಡದ ಈ ಬರವಣಿಗೆಯನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ 1929ರಲ್ಲಿ ಲಾಹೋರಿನಲ್ಲಿ ಶುರುವಾದ ತಾಜ್ ಕಂಪನಿಯ ಪಾಲು ದೊಡ್ಡದು. ಆಮೇಲೆ ಹಜ್‌ಗೆ ಹೋದವರು ಮದೀನಾದ ಪ್ರತಿ ತರತೊಡಗಿದರು. 1984ರಲ್ಲಿ ಅಲ್ಲಿ ಕಿಂಗ್ ಫಹದ್ ಮುದ್ರಣ ಸಂಕೀರ್ಣ ತೆರೆಯಿತು. ಸಿರಿಯಾದ ಉಸ್ಮಾನ್ ತಾಹಾ ಅವರ ಕೈಬರಹ, 15 ಸಾಲು, 604 ಪುಟ. ಯಾವ ಪುಟವೂ ಆಯತ್‌ನ ನಡುವೆ ಮುರಿಯುವುದಿಲ್ಲ. ಒಂದು ಪಾರಾಕ್ಕೆ (ಮೂವತ್ತರಲ್ಲೊಂದು ಭಾಗಕ್ಕೆ) 20 ಪುಟದ ಲೆಕ್ಕ: ಎರಡನೇ ಪಾರಾ 22ನೇ ಪುಟಕ್ಕೆ, ಮೂರನೆಯದು 42ಕ್ಕೆ, ಮೂವತ್ತನೆಯದು 582ಕ್ಕೆ. ಕುರ್‌ಆನಿನ ಅತಿ ಉದ್ದದ ಆಯತ್, ಸಾಲಪತ್ರ ಬರೆದಿಡುವ ಬಗ್ಗೆ ಹೇಳುವಂಥದ್ದು, ಸರಿಯಾಗಿ 48ನೇ ಪುಟವನ್ನು ತುಂಬಿ ನಿಲ್ಲುತ್ತದೆ. ಅದರಲ್ಲಿ ಒಂದು ಸಾಲು ಹೆಚ್ಚಿಲ್ಲ, ಒಂದು ಸಾಲು ಕಮ್ಮಿಯಿಲ್ಲ. ಅಕ್ಷರ ಜೋಡಿಸುವವನಾಗಿ ನಾನು ಆ ಪುಟವನ್ನು ಎಷ್ಟು ಹೊತ್ತು ನೋಡಿದರೂ ಬೇಸರವಾಗುವುದಿಲ್ಲ.

ಸೋಲದೇವನಹಳ್ಳಿಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಿದ್ದು ಹೆಸರಘಟ್ಟ ರಸ್ತೆಯ ಎರಡೂ ಬದಿಗೆ ಕಾಲೇಜು, ಪಿಜಿಗಳು ಏಳುತ್ತಿದ್ದಾಗ. ಹಿಂದೆ ಹೆಸರಘಟ್ಟ ಕೆರೆಯ ನೀರನ್ನು ಬೆಂಗಳೂರಿಗೆ ಪಂಪ್ ಮಾಡುತ್ತಿದ್ದ ಊರಿದು. ಹೊಲಗಳು ಸೈಟುಗಳಾದ ಮೇಲೆ ನಮ್ಮ ಪಾಲಿಗೆ ಪ್ರಾಜೆಕ್ಟ್ ರಿಪೋರ್ಟು, ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ ಬಂದವು. ರಂಜಾನ್ ಹತ್ತಿರವಾದರೆ ಸಹರಿ–ಇಫ್ತಾರ್ ವೇಳಾಪಟ್ಟಿ. ಪೇಜ್‌ಮೇಕರಿನಲ್ಲಿ ನುಡಿ ಫಾಂಟ್ ಹಾಕಿ ಕೂತವರಿಗೆ ಒತ್ತಕ್ಷರ ಕೈಕೊಡುವ ಸಂಕಟ ಗೊತ್ತು. ಅರಬ್ಬಿಯಲ್ಲಿ ಅದು ಇನ್ನೂ ಕಠಿಣ. ಝಬರ್, ಝೇರ್ ಎಂಬ ಸ್ವರಗುರುತುಗಳು ಪಕ್ಕದ ಅಕ್ಷರಕ್ಕೆ ಸರಿದು ಕೂರುತ್ತಿದ್ದವು, ನಿಲುಗಡೆಯ ಗುರುತುಗಳಿದ್ದಲ್ಲಿ ಖಾಲಿ ಚೌಕಗಳು ಕಾಣಿಸುತ್ತಿದ್ದವು. ಒಮ್ಮೆ ಒಬ್ಬರು ನೆಟ್‌ನಿಂದ ಎತ್ತಿಕೊಂಡ ಯಾಸೀನ್ ಸೂರೆಯನ್ನು ವರ್ಡ್ ಫೈಲಿನಲ್ಲಿ ತಂದು, ತೀರಿಹೋದ ತಾಯಿಯ ಹೆಸರಲ್ಲಿ ಹಂಚಲು ಪ್ರಿಂಟ್ ಕೇಳಿದರು. ಫೈಲ್ ತೆರೆದರೆ ಸಾಲುಗಳೆಲ್ಲ ಚೆದುರಿದ್ದವು, ಸ್ವರಗುರುತುಗಳು ಜಾಗ ತಪ್ಪಿದ್ದವು. ಮಾಡಲಾರೆ ಎಂದೆ, ಅಚ್ಚಾದ ಪ್ರತಿಯನ್ನೇ ಸ್ಕ್ಯಾನ್ ಮಾಡಿಸಿ ಅಂದೆ. ಅಂದಿನಿಂದ ನಮ್ಮಲ್ಲಿ ಅದೇ ನಿಯಮ. ಮಸಿ ಹರಡಿ ಕೆಟ್ಟ ಹಾಳೆಗಳನ್ನು ರದ್ದಿಗೆ ಹಾಕುವುದಿಲ್ಲ. ಅವಕ್ಕೆ ಬೇರೆ ಚೀಲವಿದೆ, ತುಂಬಿದ ಮೇಲೆ ಮಸೀದಿಗೆ ಒಪ್ಪಿಸಿದರೆ ಅವರು ಮಣ್ಣು ಮಾಡುತ್ತಾರೆ.

2007ರಲ್ಲಿ ಶುರುವಾದ ತನ್ಜೀಲ್ ಯೋಜನೆ ಯೂನಿಕೋಡ್‌ನಲ್ಲಿ ತಪ್ಪಿಲ್ಲದ ಪಠ್ಯವನ್ನು ಕೊಟ್ಟಿತು. ಅದರಿಂದ ದೊಡ್ಡ ಉಪಕಾರವಾಯಿತು. ಆದರೂ ಹಿಫ್ಜ್‌ಗೆ ಅಷ್ಟೇ ಸಾಲದು. ಪರದೆ ಚಿಕ್ಕದಾದರೆ ಸಾಲು ಬೇರೆ ಕಡೆ ಮುರಿಯುತ್ತದೆ, ಅಕ್ಷರ ದೊಡ್ಡದು ಮಾಡಿದರೆ ಪುಟವೇ ಇಲ್ಲವಾಗುತ್ತದೆ. ಇದನ್ನು ಮದೀನಾದವರು ಬಿಡಿಸಿದ ಬಗೆ ತಿಳಿದಾಗ ನಾನು ನಿಜಕ್ಕೂ ಬೆರಗಾದೆ. ಅವರು ಇಡೀ ಪದವನ್ನೇ ಒಂದು ಅಕ್ಷರದ ಹಾಗೆ ಫಾಂಟಿನಲ್ಲಿ ಕೂರಿಸಿದರು. ಪದದ ಮೇಲೆ ಕೆಳಗೆ ಇರುವ ಗುರುತುಗಳೆಲ್ಲ ಅದರೊಳಗೇ ಸೇರಿವೆ, ಸರಿಯುವ ಮಾತೇ ಇಲ್ಲ. ಹಾಗೆ ಪುಟಕ್ಕೊಂದು ಫಾಂಟ್, 604 ಪುಟಕ್ಕೆ 604 ಫಾಂಟ್. ನಾವು ಪಾಠವನ್ನು ಯಂತ್ರಕ್ಕೆ ತಕ್ಕಂತೆ ಕತ್ತರಿಸಿ ಹೊಂದಿಸಿಕೊಂಡು ಬಂದವರು. ಇಲ್ಲಿ ಉಸ್ಮಾನ್ ತಾಹಾ ಅವರ ಲೇಖನಿ ಎಲ್ಲಿ ನಿಂತಿತೋ ಯಂತ್ರ ಅಲ್ಲೇ ನಿಲ್ಲುತ್ತದೆ.

ಫೋನುಗಳು ಬಂದ ಮೇಲೆ ಈ ಮದೀನಾ ಪುಟವೇ ಎಲ್ಲರ ಕೈಗೆ ಬಂತು. ನಮ್ಮ ಮಕ್ಕಳಿಗೆ ತೊಡಕಾದದ್ದು ಅಲ್ಲೇ. ಮದೀನಾ ಪ್ರತಿಯಲ್ಲಿ ಅಲಿಫ್‌ನ ತಲೆಯ ಮೇಲೆ ಪುಟ್ಟ ಸ್ವಾದ್ ಗುರುತು ಇರುತ್ತದೆ, ನೂರಾನಿ ಕಾಯಿದಾ ಎಂಬ ಓದಿನ ಮೊದಲ ಪುಸ್ತಕ ಕಲಿತು ಬಂದ ಮಗುವಿಗೆ ಅದು ಹೊಸದು. ಅಂಚಿನಲ್ಲಿ ರುಕೂ (ಸೂರೆಯೊಳಗಿನ ವಿಭಾಗ) ತೋರಿಸುವ ಐನ್ ಅಕ್ಷರ ಇಲ್ಲ. ಓದು ಒಂದೇ ಆದರೂ ಬರವಣಿಗೆಯ ರೂಢಿ ಬೇರೆ, ಸಾಲು ಮುರಿಯುವ ಜಾಗವೂ ಬೇರೆ. ಅಣ್ಣನ ಮಗ ಮದರಸಾದಲ್ಲಿ ನಮ್ಮ ಕಡೆಯ 15 ಸಾಲಿನದು ಓದಿ, ಮನೆಯಲ್ಲಿ ಫೋನ್ ನೋಡಿ ಆಮೋಖ್ತಾ (ಹಳೆಯ ಪಾಠದ ಪುನರಾವರ್ತನೆ) ಮಾಡುತ್ತಿದ್ದ. ತಿಂಗಳೊಳಗೆ ಎರಡೂ ಕಲಸಿಹೋಗಿ, ಪಕ್ಕಾ ಇದ್ದ ಪಾರಾಗಳೇ ಅಲ್ಲಾಡಿದವು. ಹಜ್ರತ್ ಫೋನ್ ಬಿಡಿಸಿದರು.

ನಮ್ಮ ಪುಟಗಳು ಡಿಜಿಟಲ್ ಆಗಲು ತಡವಾಯಿತು, ಆದರೆ ಆಗಿವೆ. ಈಗ ಪುಟ ಎಂದರೆ ಒಂದು ಪಟ್ಟಿ. ಯಾವ ಪುಟದ ಎಷ್ಟನೇ ಸಾಲು, ಅದು ಸೂರೆಯ ಹೆಸರಿನ ಸಾಲೋ ಬಿಸ್ಮಿಲ್ಲಾದ ಸಾಲೋ ಆಯತ್‌ನ ಸಾಲೋ, ಮೊದಲ ಪದ ಯಾವುದು, ಕೊನೆಯ ಪದ ಯಾವುದು. ಇಂಥ ಪಟ್ಟಿಗಳನ್ನು 13, 15, 16 ಸಾಲಿನ ಇಂಡೋ–ಪಾಕ್ ಪ್ರತಿಗಳಿಗೂ ಕೂತು ತಯಾರಿಸಿದ್ದಾರೆ. ಒಂದು ಪದ ಮುಂದಿನ ಸಾಲಿಗೆ ಸರಿದರೂ ಕಂಠಪಾಠ ಮಾಡಿದವರಿಗೆ ಗೊತ್ತಾಗಿಬಿಡುತ್ತದೆ, ಹಾಗಾಗಿ ಅಚ್ಚಾದ ಪ್ರತಿಯನ್ನು ಎದುರಿಗಿಟ್ಟುಕೊಂಡು ಸಾಲುಸಾಲೂ ತಾಳೆ ನೋಡಲೇಬೇಕು. ತರ್ತೀಲ್‌ನಂಥ ಆ್ಯಪ್‌ನಲ್ಲಿ ಪುಟವನ್ನು ಮರೆಮಾಡಿಟ್ಟು ಓದಿದರೆ, ಬಾಯಿಂದ ಬಂದ ಪದಗಳು ತಮ್ಮ ತಮ್ಮ ಜಾಗದಲ್ಲೇ ಮೂಡುತ್ತವೆ, ತಪ್ಪಿದ್ದು ಕೆಂಪಾಗುತ್ತದೆ. ಒಬ್ಬನೇ ಕೂತು ಆಮೋಖ್ತಾ ಗಟ್ಟಿ ಮಾಡಿಕೊಳ್ಳಲು ಇದು ಬಹಳ ಒಳ್ಳೆಯದು. ಆದರೆ ಮೊದಲ ಸಬಕ್ ಕಾಗದದ ಮೇಲೆಯೇ, ಹಜ್ರತ್ ಮುಂದೆಯೇ ಆಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಮಖ್ರಜ್, ಅಂದರೆ ಅಕ್ಷರ ಹುಟ್ಟುವ ಜಾಗ, ತಿದ್ದುವುದಕ್ಕೆ ಎದುರಿಗೆ ಮನುಷ್ಯನ ಬಾಯಿಯೇ ಬೇಕು.

ಇಲ್ಲಿನ ಕಾಲೇಜುಗಳಿಗೆ ಆಫ್ರಿಕಾದ ಹುಡುಗರೂ ಬರುತ್ತಾರೆ. ನೈಜೀರಿಯಾದವನೊಬ್ಬ ಫೋನಿನಿಂದ ಕೆಲವು ಪುಟಗಳನ್ನು ಎ3ಗೆ ದೊಡ್ಡದು ಮಾಡಿಕೊಡಿ ಎಂದ. ನೋಡಿದರೆ ವರ್ಷ್ ಎಂಬ ಬೇರೆ ಓದಿನ ಸಂಪ್ರದಾಯದ ಪ್ರತಿ. ನಮ್ಮ ಹಫ್ಸ್ ಓದಿನಲ್ಲಿ ಆಯತ್‌ಗಳ ಎಣಿಕೆ 6,236, ಅವನದರಲ್ಲಿ 6,214. ಪಾಠ ಅಷ್ಟೇ, ಎಣಿಸುವ ಕ್ರಮ ಬೇರೆ. ಊರಲ್ಲಿ ಯಾವ ಪುಟದಲ್ಲಿ ಕಲಿತಿದ್ದನೋ ಅದೇ ಪುಟ ಅವನಿಗೆ ಬೇಕಿತ್ತು, ಇಲ್ಲಿ ಅದರ ಪುಸ್ತಕ ಸಿಕ್ಕಿರಲಿಲ್ಲ. ಅಂಚು ಕತ್ತರಿಸದೆ, ಸಾಲು ಕದಲದ ಹಾಗೆ ಪ್ರಿಂಟ್ ತೆಗೆದುಕೊಟ್ಟೆ.

ಮಕ್ಕಳನ್ನು ಹಿಫ್ಜ್‌ಗೆ ಸೇರಿಸುವ ತಂದೆತಾಯಂದಿರು ಯಾವ ಆ್ಯಪ್ ಹಾಕಲಿ ಎಂದು ಈಗ ನಮ್ಮ ಅಂಗಡಿಯಲ್ಲೇ ಕೇಳುತ್ತಾರೆ. ನಾನು ಹಜ್ರತ್ ಕೊಟ್ಟ ಪ್ರತಿ ತರಿಸಿ, ಸಾಲು ಎಣಿಸಿ, ಆ್ಯಪ್‌ನಲ್ಲಿ ಅದೇ ಛಾಪಾ ಇದೆಯೇ ಎಂದು ಅಲ್ಲಲ್ಲಿ ಪುಟ ತೆರೆದು ಹೋಲಿಸಿ ನೋಡುತ್ತೇನೆ. ಇದ್ದರೆ ಅದನ್ನೇ ಹಾಕಿಕೊಡುತ್ತೇನೆ. ಇಲ್ಲದಿದ್ದರೆ ಸದ್ಯಕ್ಕೆ ಫೋನ್ ಬೇಡ, ಶಿವಾಜಿನಗರಕ್ಕೆ ಹೋಗಿ ಅದೇ ಛಾಪಾದ ಇನ್ನೊಂದು ಪ್ರತಿ ತಂದು ಮನೆಯಲ್ಲಿಡಿ ಎನ್ನುತ್ತೇನೆ.