ರಾತ್ರಿ ದುಡಿದ ಊರು

ನದಿಯ ದೆಸೆಯಿಂದ ಬೆಳೆದ ಊರುಗಳುಂಟು. ದೇವಾಲಯದ ದೆಸೆಯಿಂದ ಬೆಳೆದ ಊರುಗಳುಂಟು. ಗಣಿ ಗಿರಣಿಗಳ ದೆಸೆಯಿಂದ ಬೆಳೆದವೂ ಉಂಟು. ಆದರೆ ಪರರ ಗಂಟುಗಳನ್ನು ನಡುರಾತ್ರಿಯಲ್ಲಿ ಇಳಿಸಿ, ವಿಂಗಡಿಸಿ, ಬೆಳಗಾಗುವುದರೊಳಗೆ ಮತ್ತೆ ಸಾಗಹಾಕುವ ಕೆಲಸವನ್ನೇ ನಂಬಿ ಬಾಳಿದ ಊರು ಅಪರೂಪ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಒಹಾಯೋ ಪ್ರಾಂತದ ವಿಲ್ಮಿಂಗ್ಟನ್ ಅಂಥದೊಂದು ಊರು. ಸುಮಾರು ಮೂವತ್ತು ವರ್ಷ ಈ ಕೆಲಸ ಅದಕ್ಕೆ ಅನ್ನವಿಕ್ಕಿತು. 2009ರಲ್ಲಿ ಆ ಅನ್ನ ತಪ್ಪಿಹೋಯಿತು. ಆ ಊರನ್ನೂ ಅದು ಪಟ್ಟ ಪಾಡನ್ನೂ ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂಬುದೇ ಈ ಲೇಖನದ ಉದ್ದೇಶ.

ಒಹಾಯೋ ನದಿಯ ದಡದಲ್ಲಿರುವ ಸಿನ್ಸಿನಾಟಿ ನಗರದಿಂದ ಈಶಾನ್ಯಕ್ಕೆ ಸುಮಾರು ಐವತ್ತು ಮೈಲಿ ಸಾಗಿದರೆ ವಿಲ್ಮಿಂಗ್ಟನ್ ಸಿಗುತ್ತದೆ. ದಾರಿಯುದ್ದಕ್ಕೂ ಮುಸುಕಿನ ಜೋಳದ ಹೊಲಗಳು, ಸೋಯಾ ಅವರೆಯ ಹೊಲಗಳು. ನಡುನಡುವೆ ಒಂಟಿ ಮನೆ, ಅದರ ಪಕ್ಕದಲ್ಲಿ ದೊಡ್ಡದೊಂದು ಕಣಜ. ಬೆಟ್ಟವೆಂದು ಹೆಸರಿಸತಕ್ಕದ್ದು ಕಣ್ಣಿಗೆ ಬೀಳದು. ನಮ್ಮ ಬಯಲುಸೀಮೆಯವರಿಗೆ ಈ ನೋಟ ಹೊಸದೆನಿಸಲಾರದು. ಹಸಿರು ಮಾತ್ರ ಹೆಚ್ಚು. ಊರೊಳಕ್ಕೆ ಹೋದರೆ ಕ್ಲಿಂಟನ್ ಕೌಂಟಿಯ, ಎಂದರೆ ನಮ್ಮಲ್ಲಿನ ಜಿಲ್ಲೆಯಂಥ ವಿಭಾಗದ, ನ್ಯಾಯಾಲಯದ ಗಂಭೀರವಾದ ಕಟ್ಟಡ. ಹತ್ತಿರದಲ್ಲೇ 1918ರಲ್ಲಿ ತೆರೆದ ಮರ್ಫಿ ನಾಟಕಶಾಲೆ. ಇಲ್ಲಿಗೆ ಮೊದಲು ಬಂದು ನೆಲಸಿದವರಲ್ಲಿ ಯುದ್ಧವನ್ನೊಪ್ಪದ ಕ್ವೇಕರ್ ಪಂಥದವರು ಅನೇಕರು. ಅವರು 1870ರಲ್ಲಿ ಸ್ಥಾಪಿಸಿದ ಕಾಲೇಜು ಈಗಲೂ ನಡೆಯುತ್ತಿದೆ. ಬಾಳೆಹಣ್ಣನ್ನು ಸೀಳಿ ನಡುವೆ ಐಸ್‌ಕ್ರೀಮು ತುಂಬಿ ಕೊಡುವ ತಿನಿಸನ್ನು 1907ರಲ್ಲಿ ಕಂಡುಹಿಡಿದವರು ತಾವೇ ಎಂದು ಈ ಊರವರ ಹೆಮ್ಮೆ. ಪೆನ್ಸಿಲ್ವೇನಿಯದ ಲ್ಯಾಟ್ರೋಬ್ ಎಂಬ ಊರಿನವರು ಇದನ್ನು ಒಪ್ಪುವುದಿಲ್ಲ. 1904ರಲ್ಲೇ ತಾವು ಮಾಡಿದ್ದೆವೆನ್ನುತ್ತಾರೆ. ವಿಲ್ಮಿಂಗ್ಟನ್ನಿನವರು ಆ ವ್ಯಾಜ್ಯವನ್ನು ಲೆಕ್ಕಿಸದೆ ಆ ತಿನಿಸಿನ ಹೆಸರಿನಲ್ಲಿ ಜಾತ್ರೆಯನ್ನೇ ನಡೆಸುತ್ತಾರೆ.

ಊರಿನ ಆಗ್ನೇಯಕ್ಕೆ ಒಂದೆರಡು ಮೈಲಿಯೊಳಗೆ ವಿಮಾನನಿಲ್ದಾಣವುಂಟು. ಹನ್ನೆರಡು ಸಾವಿರ ಜನರ ಊರಿಗೆ ಇಷ್ಟು ವಿಸ್ತಾರವಾದ ನಿಲ್ದಾಣವೇಕೆಂದು ನೋಡಿದವರು ಬೆರಗಾಗುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಸೈನ್ಯದ ಬಯಲಾಗಿತ್ತು. ಯಂತ್ರವಿಲ್ಲದೆ ತೇಲುವ ಗ್ಲೈಡರುಗಳನ್ನು ಇಲ್ಲಿ ಪರೀಕ್ಷಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಸರ್ಕಾರ ಇದನ್ನು ಕೈಬಿಟ್ಟಿತು. 1980ರಲ್ಲಿ ಏರ್‌ಬೋರ್ನ್ ಎಂಬ ಸರಕುಸಾಗಣೆಯ ಕಂಪೆನಿ ಕೊಂಡುಕೊಂಡಿತು. ಆ ಕಂಪೆನಿಯ ಮೂಲವೂ ವಿನೋದವಾಗಿದೆ. ಹವಾಯಿ ದ್ವೀಪಗಳಿಂದ ಹೂವುಗಳನ್ನು ಬಾಡುವ ಮುಂಚೆ ವಿಮಾನದಲ್ಲಿ ತರಿಸುವುದಕ್ಕಾಗಿ ಕ್ಯಾಲಿಫೋರ್ನಿಯದವರು 1946ರಲ್ಲಿ ಕಟ್ಟಿಕೊಂಡ ಸಂಘವೇ ಅದರ ಬೀಜ.

ಅಂದಿನಿಂದ ಈ ಊರಿಗೆ ರಾತ್ರಿಯೇ ಹಗಲಾಯಿತು. ಕೆಲಸದ ಕ್ರಮ ಹೀಗೆ: ಸಂಜೆ ದೇಶದ ಊರೂರುಗಳಲ್ಲಿ ವಾಹನಗಳು ಪಾರ್ಸಲುಗಳನ್ನು ಕಲೆಹಾಕುವುವು. ಅವು ಹತ್ತಿರದ ನಿಲ್ದಾಣ ಸೇರಿ ವಿಮಾನವೇರಿ, ನಡುರಾತ್ರಿಯ ಹೊತ್ತಿಗೆ ವಿಲ್ಮಿಂಗ್ಟನ್ನಿಗೆ ಬಂದಿಳಿಯುವುವು. ಎರಡು ಮೂರು ಗಂಟೆಯೊಳಗೆ ಸಾವಿರಾರು ಜನ ಅವನ್ನು ಇಳಿಸಿ, ವಿಳಾಸ ನೋಡಿ, ಬೇರೆ ಬೇರೆ ವಿಮಾನಗಳಿಗೆ ತುಂಬಬೇಕು. ಕೋಳಿ ಕೂಗುವ ಮೊದಲೇ ವಿಮಾನಗಳು ಹಿಂದಿರುಗಿ ಹಾರಬೇಕು. ನ್ಯೂಯಾರ್ಕಿನಿಂದ ನೆರೆಯ ಬಾಸ್ಟನ್ನಿಗೆ ಹೋಗತಕ್ಕ ಪಾರ್ಸಲು ಕೂಡ ಈ ಹೊಲಗಳ ನಡುವಿನ ಊರಿಗೆ ಬಂದು ಹೋಗುವುದುಂಟು. ಚಕ್ರದ ಗುಂಬದಿಂದ ಅರೆಕಾಲುಗಳು ಸುತ್ತಲೂ ಹೊರಡುವಂತೆ ಈ ಏರ್ಪಾಟು. ಗುಂಬವೊಂದೇ ಆದುದರಿಂದ ಹಣವೂ ಹೊತ್ತೂ ಉಳಿಯುತ್ತವೆ. ಹಗಲು ಹೊಲ ನೋಡಿಕೊಂಡು ರಾತ್ರಿ ಇಲ್ಲಿ ಅರೆಹೊತ್ತು ದುಡಿಯುವ ರೈತರಿದ್ದರು. ಗಂಡಹೆಂಡಿರಿಬ್ಬರೂ ಅಲ್ಲೇ ಕೆಲಸಕ್ಕಿದ್ದ ಸಂಸಾರಗಳೂ ಇದ್ದವು. ಆ ದೇಶದಲ್ಲಿ ಆಸ್ಪತ್ರೆಯ ವೆಚ್ಚಕ್ಕೆ ಬೇಕಾದ ವಿಮೆ ಬಹುಮಟ್ಟಿಗೆ ಉದ್ಯೋಗದೊಡನೆಯೇ ಬರತಕ್ಕದ್ದು. ಆದುದರಿಂದ ಈ ಕೆಲಸ ಬರಿಯ ಸಂಬಳವಲ್ಲ, ಮನೆಯವರೆಲ್ಲರ ಔಷಧದ ಆಧಾರವೂ ಆಗಿತ್ತು.

2003ರಲ್ಲಿ ಏರ್‌ಬೋರ್ನನ್ನು ಡಿ.ಎಚ್.ಎಲ್. ಕೊಂಡಿತು. ಹಳದಿಯ ಮೇಲೆ ಕೆಂಪಕ್ಷರದ ಅದರ ವಾಹನಗಳನ್ನು ಬೆಂಗಳೂರಿನ ವಾಚಕರು ಕಂಡಿರುವರು. ನಮ್ಮ ದೇಶದೊಳಗಿನ ರವಾನೆಯ ಬ್ಲೂ ಡಾರ್ಟ್ ಕಂಪೆನಿಯೂ 2005ರಲ್ಲಿ ಅದರ ಸ್ವಾಧೀನಕ್ಕೆ ಸೇರಿತು. 1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊನೊಲುಲುವಿಗೆ ಹಡಗುಸರಕಿನ ಕಾಗದಪತ್ರಗಳನ್ನು ಹೊತ್ತು ಮೂವರು ಗೆಳೆಯರು ಆರಂಭಿಸಿದ ವ್ಯವಹಾರವಿದು. ಅವರ ಹೆಸರುಗಳ ಮೊದಲಕ್ಷರಗಳೇ ಕಂಪೆನಿಯ ಹೆಸರಾದವು. ಹುಟ್ಟಿದ್ದು ಅಮೆರಿಕದಲ್ಲಾದರೂ 2002ರ ಹೊತ್ತಿಗೆ ಪೂರ್ತಿಯಾಗಿ ಜರ್ಮನಿಯ ಅಂಚೆ ಸಂಸ್ಥೆಯ ವಶಕ್ಕೆ ಬಂದಿತು. ಅಮೆರಿಕದೊಳಗಿನ ರವಾನೆಯನ್ನು ಯು.ಪಿ.ಎಸ್., ಫೆಡೆಕ್ಸ್ ಎಂಬ ಎರಡು ದೊಡ್ಡ ಕಂಪೆನಿಗಳು ಬಹುಮಟ್ಟಿಗೆ ಹಂಚಿಕೊಂಡಿದ್ದವು. ಮೂರನೆಯದಾಗಿ ನಿಲ್ಲಬೇಕೆಂಬುದು ಡಿ.ಎಚ್.ಎಲ್.ನ ಹಂಬಲ. ಸಿನ್ಸಿನಾಟಿಯ ಬಳಿಯಿದ್ದ ತನ್ನ ವಿಂಗಡಣೆಯ ಕೇಂದ್ರವನ್ನು 2005ರಲ್ಲಿ ವಿಲ್ಮಿಂಗ್ಟನ್ನಿಗೇ ಸೇರಿಸಿತು. ಒಹಾಯೋ ಸರ್ಕಾರವೂ ಇದಕ್ಕೆ ಉದಾರವಾಗಿ ನೆರವಾಯಿತು. ಊರಿಗೆ ಹಬ್ಬವೇ ಆಯಿತು. ಆದರೆ ಎರಡು ಕೇಂದ್ರಗಳನ್ನು ಒಂದಾಗಿಸುವ ಗೊಂದಲದಲ್ಲಿ ಪಾರ್ಸಲುಗಳು ತಡವಾದವು. ಬೇಸತ್ತ ಗಿರಾಕಿಗಳು ಕೆಲವರು ಕೈಬಿಟ್ಟರು. ನಷ್ಟ ವರ್ಷಕ್ಕೆ ನೂರು ಕೋಟಿ ಡಾಲರು ಮುಟ್ಟಿತು.

2008ರ ಮೇ ತಿಂಗಳಲ್ಲಿ ಕಂಪೆನಿ ತನ್ನ ಪಾರ್ಸಲುಗಳನ್ನು ಪ್ರತಿಸ್ಪರ್ಧಿಯಾದ ಯು.ಪಿ.ಎಸ್.ನ ವಿಮಾನಗಳಲ್ಲೇ ಸಾಗಿಸುವ ಆಲೋಚನೆಯನ್ನು ಹೊರಗೆಡಹಿತು. ಹಾಗಾದರೆ ವಿಲ್ಮಿಂಗ್ಟನ್ನಿಗೆ ಕೆಲಸವೇನು? ಊರು ತಲ್ಲಣಿಸಿತು. ಅದು ಅಧ್ಯಕ್ಷ ಪದವಿಯ ಚುನಾವಣೆಯ ವರ್ಷ. ಅಭ್ಯರ್ಥಿಗಳೂ ಈ ಮಾತನ್ನೆತ್ತಿದರು, ವಾಷಿಂಗ್ಟನ್ನಿನ ಶಾಸನಸಭೆಯಲ್ಲಿ ವಿಚಾರಣೆಯೂ ನಡೆಯಿತು. ಅಷ್ಟರಲ್ಲಿ ಆರ್ಥಿಕ ಕುಸಿತವೂ ಬಂದೊದಗಿತು. ನವೆಂಬರ್ 10ರಂದು ಕಡೆಯ ಮಾತು ಹೊರಬಿದ್ದಿತು: 2009ರ ಜನವರಿ 30ರಿಂದ ಡಿ.ಎಚ್.ಎಲ್. ಅಮೆರಿಕದ ಒಳನಾಡಿನ ರವಾನೆಯನ್ನು ನಿಲ್ಲಿಸುವುದು; ಹೊರದೇಶಗಳ ರವಾನೆ ಮಾತ್ರ ಮುಂದುವರಿಯುವುದು. ದೇಶಾದ್ಯಂತ 9,500 ಉದ್ಯೋಗಗಳು ಹೋಗುವುವೆಂದು ಪ್ರಕಟವಾಯಿತು; ಅದಕ್ಕೆ ಹಿಂದೆ ಕಳೆದವು ಬೇರೆ.

ಗಿರಾಕಿಗಳ ಚಿಂತೆ ಒಂದು ಬಗೆಯದು. ಬೇರೂರಿನ ಮಗಳಿಗೆ ಉಡುಗೊರೆ ಕಳುಹಿಸುವ ತಾಯಿಗೆ ಹಳದಿ ಗಾಡಿಯಾದರೇನು, ಕಂದು ಗಾಡಿಯಾದರೇನು? ಆದರೆ ಮನೆಯ ಮೂಲೆಯಲ್ಲೇ ಅಂಗಡಿಯಿಟ್ಟು ಪಾರ್ಸಲಿನ ಮೂಲಕ ಮಾರುವ ಸಣ್ಣ ವ್ಯಾಪಾರಿಗೆ ದರದಲ್ಲಿ ಹತ್ತಾರು ಸೆಂಟು ಹೆಚ್ಚಾದರೂ ಲಾಭ ಕರಗುತ್ತದೆ. ಮೂವರು ಮಾರುವೆಡೆಯಲ್ಲಿ ಚೌಕಾಸಿಗೆ ಎಡೆಯುಂಟು. ಇಬ್ಬರೇ ಆದರೆ ಅವರು ಹೇಳಿದ್ದೇ ಬೆಲೆಯಾದೀತೆಂಬ ಅಂಜಿಕೆ ಸಹಜವೇ. ವಿಳಂಬದಿಂದ ರೋಸಿಹೋಗಿದ್ದವರು ಮಾತ್ರ ಹೋದರೆ ಹೋಗಲೆಂದರು. ಏನೇ ಆಗಲಿ, ಗಿರಾಕಿಗೆ ಇನ್ನೊಂದು ಬಾಗಿಲುಂಟು; ಕೆಲವು ದಿನಗಳ ತೊಡಕಿನ ತರುವಾಯ ಅವನ ಪಾರ್ಸಲು ಬೇರೆ ಗಾಡಿಯೇರುತ್ತದೆ.

ದುಡಿಯುವವರ ಪಾಡು ಹಾಗಲ್ಲ. ಮನೆಬಾಗಿಲಿಗೆ ಪಾರ್ಸಲು ಮುಟ್ಟಿಸುತ್ತಿದ್ದ ಚಾಲಕರಲ್ಲಿ ಬಹುಮಂದಿ ಕಂಪೆನಿಯ ನೌಕರರಲ್ಲ, ಗುತ್ತಿಗೆದಾರರ ಆಳುಗಳು. ಗಾಡಿಗಳಿಗೆ ಕಂಪೆನಿಯ ಬಣ್ಣ ಬಳಿಸಿಕೊಂಡಿದ್ದ ಗುತ್ತಿಗೆದಾರರಿಗೆ, ಹೊರೆ ನಿಂತಮೇಲೆ ಆ ಗಾಡಿಗಳೇ ಹೊರೆಯಾದವು. ವಿಲ್ಮಿಂಗ್ಟನ್ ನಿಲ್ದಾಣದಲ್ಲಿ ಆ ಕಂಪೆನಿಯ ಕೆಲಸವನ್ನು ನಂಬಿದ್ದವರು ಸುಮಾರು 8,000 ಮಂದಿ. ವಿಮಾನ ನಡೆಸುವವರು, ದುರಸ್ತಿಯವರು, ವಿಂಗಡಿಸುವವರು ಎಲ್ಲರೂ ಇದರಲ್ಲಿ ಸೇರಿದ್ದರು. ಹನ್ನೆರಡು ಸಾವಿರದ ಊರಿಗೆ ಎಂಟು ಸಾವಿರ ಉದ್ಯೋಗವೆಂದರೆ ಸುತ್ತಣ ಕೌಂಟಿಗಳಿಂದಲೂ ಜನ ಬರುತ್ತಿದ್ದರೆಂದು ಅರ್ಥ. ಆದುದರಿಂದ ಪೆಟ್ಟು ಒಂದು ಊರಿನದಲ್ಲ, ಒಂದು ಸೀಮೆಯದು. ಗಂಡನ ಸಂಬಳ ಹೋದರೆ ಹೆಂಡತಿಯದಾದರೂ ಉಳಿದೀತೆಂಬ ಧೈರ್ಯ ಒಂದೇ ಕಡೆ ದುಡಿಯುವ ದಂಪತಿಗಳಿಗಿಲ್ಲ. ಮನೆ ಮಾರಿ ಬೇರೆಡೆಗೆ ಹೋಗೋಣವೆಂದರೆ, ಎಲ್ಲರೂ ಮಾರಹೊರಟಿರುವಾಗ ಕೊಳ್ಳುವವರಾರು? ಕೌಂಟಿಯಲ್ಲಿ ನಿರುದ್ಯೋಗ ಮುಂದೆ ನೂರಕ್ಕೆ ಹದಿನೈದನ್ನು ಮೀರಿತು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಈ ಊರಿಗಾದ ಅನ್ಯಾಯವನ್ನು ತೂಗುವುದು ಸುಲಭವಲ್ಲ. ನಷ್ಟದ ವ್ಯಾಪಾರವನ್ನು ಎಂದೆಂದಿಗೂ ನಡೆಸೆಂದು ಯಾರಿಗೂ ಹೇಳಲಾಗದು. ಆದರೆ ಬಾನ್ ನಗರದಲ್ಲಿ ಕುಳಿತು ಲೆಕ್ಕ ನೋಡಿದವರಿಗೆ ಕಂಡ ಅಂಕೆ, ಇಲ್ಲಿ ಒಂದೊಂದು ಮನೆಯ ಒಲೆ. ಗಾಯಕ್ಕೆ ಉಪ್ಪೆರೆದಂತೆ ಇನ್ನೊಂದು ಸಂಗತಿ ನಡೆಯಿತು: ಉಳಿದ ಹೊರದೇಶದ ರವಾನೆಯ ಕೇಂದ್ರವನ್ನು ಕಂಪೆನಿ 2009ರಲ್ಲಿ ಮರಳಿ ಸಿನ್ಸಿನಾಟಿಯ ಬಳಿಗೇ ಒಯ್ದಿತು. ನಾಲ್ಕು ವರ್ಷದ ಹಿಂದೆ ಹಬ್ಬ ತಂದದ್ದು ಬಂದ ದಾರಿಯಲ್ಲೇ ಹಿಂದಿರುಗಿತು.

ಇಷ್ಟಾದರೂ ಊರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಉಚಿತವಾಗಿ ಊಟ ಹಾಕುವ, ದಿನಸಿ ಹಂಚುವ ಕೆಲಸ ನಡೆಯಿತು. ಜೇ ಲೆನೋ ಎಂಬ ಹೆಸರಾಂತ ಹಾಸ್ಯಗಾರ 2009ರಲ್ಲಿ ಇಲ್ಲಿಗೆ ಬಂದು ಹಣ ಪಡೆಯದೆ ಜನರನ್ನು ನಗಿಸಿ ಹೋದನು. ಊರಿನಲ್ಲೇ ಬೆಳೆದ ಇಬ್ಬರು ತರುಣರು, ಹೊರಗೆ ಹೋಗಬಹುದಾಗಿದ್ದವರು, ಇಲ್ಲೇ ನಿಂತು ‘ಎನರ್ಜೈಸ್ ಕ್ಲಿಂಟನ್ ಕೌಂಟಿ’ ಎಂಬ ಸಂಘವನ್ನು ಕಟ್ಟಿದರು. ಊರಿನ ಹಣ ಊರಿನ ಅಂಗಡಿಗಳಲ್ಲೇ ತಿರುಗಲಿ, ಮನೆಗಳಲ್ಲಿ ಶಕ್ತಿಯ ವೆಚ್ಚ ಇಳಿಯಲಿ, ಓದಿದ ಮಕ್ಕಳು ಊರಿಗೆ ಹಿಂದಿರುಗಲಿ ಎಂಬುದು ಅದರ ಹವಣು. ದೊಡ್ಡ ಯಜಮಾನನೊಬ್ಬನು ಬಂದಾನೆಂದು ದಾರಿ ಕಾಯುವುದಕ್ಕಿಂತ ಸಣ್ಣ ಕಸುಬುಗಳು ಹತ್ತು ಹುಟ್ಟುವುದು ಮೇಲೆಂಬ ತಿಳಿವು ಊರಿಗೆ ಬಂದಿತು.

2010ರಲ್ಲಿ ಡಿ.ಎಚ್.ಎಲ್. ನಿಲ್ದಾಣವನ್ನು ಕೌಂಟಿಯ ಅಧಿಕಾರ ಮಂಡಲಿಗೆ ದಾನವಾಗಿ ಬಿಟ್ಟುಕೊಟ್ಟಿತು. ಹೀಗೆ ಬಯಲು ಊರವರ ಕೈಗೇ ಬಂದಿತು. ವಿಮಾನಗಳನ್ನು ದುರಸ್ತಿ ಮಾಡುವ, ಬಾಡಿಗೆಗೆ ಕೊಡುವ ಉದ್ಯಮ ಅಲ್ಲೇ ನೆಲೆನಿಂತಿತು. ಕುಶಲರಾದ ಕೆಲಸಗಾರರಿದ್ದುದೇ ಅದಕ್ಕೆ ಬಂಡವಾಳ. 2015ರಲ್ಲಿ ಅಮೆಜಾನ್ ಕಂಪೆನಿ ತನ್ನ ವಿಮಾನ ರವಾನೆಯ ಮೊದಲ ಪರೀಕ್ಷೆಯನ್ನು ಇಲ್ಲಿಯೇ ನಡೆಸಿತು. ಊರಿನ ಆಸೆ ಮತ್ತೆ ಚಿಗುರಿತು. 2017ರಲ್ಲಿ ಅದು ತನ್ನ ದೊಡ್ಡ ಕೇಂದ್ರಕ್ಕೆ ಆರಿಸಿದ ಸ್ಥಳ ಮಾತ್ರ ಮತ್ತೆ ಸಿನ್ಸಿನಾಟಿಯ ಬಳಿಯ ನಿಲ್ದಾಣವೇ. 2019ರಲ್ಲಿ ಅದು ವಿಲ್ಮಿಂಗ್ಟನ್ನಿಗೂ ಮರಳಿ ಬಂದಿತು. ಈ ಸಲ ಊರು ಹಿಗ್ಗಿತಾದರೂ ಹಾಸಿಗೆಯಿದ್ದಷ್ಟೇ ಕಾಲು ಚಾಚಿತು.

ಇಂಥ ಊರು ಬರಿದಾಗಿರಬೇಕೆಂದು ದೂರದಲ್ಲಿದ್ದವರು ತಿಳಿಯುವುದು ಸಹಜ. ಜನಗಣತಿ ಬೇರೆಯೇ ಹೇಳುತ್ತದೆ. 2000ದಲ್ಲಿ ವಿಲ್ಮಿಂಗ್ಟನ್ನಿನ ಜನಸಂಖ್ಯೆ 11,921, ಪೆಟ್ಟು ಬಿದ್ದ ಮಾರನೆಯ ವರ್ಷ, 2010ರಲ್ಲಿ, 12,520, 2020ರಲ್ಲಿ 12,664. ಹೋದವರು ಹೋಗಿರಬಹುದು, ಆದರೂ ಊರು ತನ್ನವರನ್ನು ಹಿಡಿದುಕೊಂಡಿತು. ಮುಖ್ಯ ಬೀದಿಯಲ್ಲಿ ನಾವು ನಡೆದಾಗ ಮರ್ಫಿ ನಾಟಕಶಾಲೆಯ ಹೊರಚಾಚಿದ ಫಲಕ ಹಿಂದಿನಂತೆಯೇ ಇದ್ದಿತು. ನ್ಯಾಯಾಲಯದ ಅಂಗಳದಲ್ಲಿ ಮರಗಳ ನೆರಳು ತಂಪಾಗಿದ್ದಿತು.

ಒಬ್ಬನೇ ದುಡಿಯುವವನಿರುವ ಮನೆಯಲ್ಲಿ ಅವನ ಆರೋಗ್ಯಕ್ಕಾಗಿ ಎಲ್ಲರೂ ಹರಕೆ ಹೊರುತ್ತಾರೆ. ಜಾಣಳಾದ ಗೃಹಿಣಿ ಹರಕೆಯ ಜತೆಗೆ ಅಡಕೆಯ ಡಬ್ಬಿಯಲ್ಲಿ ನಾಲ್ಕು ಕಾಸನ್ನೂ ಹಿತ್ತಿಲಲ್ಲಿ ನಾಲ್ಕು ಕಾಯಿಪಲ್ಯದ ಬಳ್ಳಿಯನ್ನೂ ಇರಿಸಿಕೊಳ್ಳುತ್ತಾಳೆ. ಊರುಗಳಿಗೂ ಇದೇ ಬುದ್ಧಿ ಸಲ್ಲುತ್ತದೆ. ಬೆಳಗ್ಗೆ ನಮ್ಮ ಬಾಗಿಲಿಗೆ ಬಂದ ಪಾರ್ಸಲನ್ನು ಬಿಚ್ಚುವಾಗ, ರಾತ್ರಿ ನಾವು ಮಲಗಿದ್ದಾಗ ಅದು ಯಾರ ಕೈಗಳನ್ನು ದಾಟಿ ಬಂದಿತೆಂದು ಒಂದು ಗಳಿಗೆ ನೆನೆದರೆ, ಆ ಊರಿನ ಕಥೆಯನ್ನು ಓದಿದ್ದಕ್ಕೆ ಫಲವಾದಂತೆ.