ಫೋಟೋದಲ್ಲಿ ಕಾಣದ ರಿಲೇ

ನಾವು ನಾಲ್ಕು ಜನ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ತಾಲ್ಲೂಕಿಗೆ ಒಬ್ಬೊಬ್ಬರು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋದು ಇಡೀ ದಿನ, ಬರೆಯೋದು ಮಾತ್ರ ಅಪರೂಪ. ಒತ್ತಕ್ಷರ ತಪ್ಪಿದ್ರೆ ಸಂಘದವರು ತಿದ್ದಿಕೊಳ್ಳಲಿ.

ಬರೆಯೋಕೆ ಕಾರಣ ಇದೆ. ನಾವು ಮನೆ ಹಿತ್ತಲಲ್ಲಿ ಮಾಡಿಫೈ ಮಾಡಿದ ಮಾರುತಿ 800 ಬಗ್ಗೆ ಒಂದು ಇಂಗ್ಲಿಷ್ ಕಾರ್ ಮ್ಯಾಗಜಿನ್‌ನಲ್ಲಿ ಒಂದು ಪುಟ ಬಂತು. ಆ ಪುಟ ಹಾಸ್ಟೆಲಲ್ಲಿ ಕೈಯಿಂದ ಕೈಗೆ ಓಡಾಡಿ, ಮೆಸ್‌ನ ಸಾಂಬಾರ್ ಕಲೆಯನ್ನೂ ಹತ್ತಿಸಿಕೊಂಡು ವಾಪಸ್ ಬಂದಿದೆ. ಎಲ್ಲರೂ ಕೇಳೋದು ಎರಡೇ ಪ್ರಶ್ನೆ. "ಎಷ್ಟಾಯ್ತು ಮಗಾ?" ಆಮೇಲೆ, "ಎಷ್ಟು ಬಿಎಚ್‌ಪಿ ಜಾಸ್ತಿ ಮಾಡಿದ್ರಿ?"

ಮೊದಲನೆಯದಕ್ಕೆ ಉತ್ತರ, 32,400 ರೂಪಾಯಿ. ಎರಡನೆಯದಕ್ಕೆ, ಸೊನ್ನೆ.

ಕಾರು ನಮ್ಮಲ್ಲಿ ಪಿರಿಯಾಪಟ್ಟಣದವನ ಅಪ್ಪನದು. ನಾವೆಲ್ಲರೂ ಅವರನ್ನು ಅಪ್ಪಾಜಿ ಅಂತಲೇ ಕರೆಯೋದು. 2010ರ ಮಾಡೆಲ್, ಕೆಎ-45 ನಂಬರ್. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, 37 ಬಿಎಚ್‌ಪಿ, 12 ಇಂಚಿನ ಚಕ್ರ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ನಮ್ಮೂರುಗಳಲ್ಲಿ ಅದರ ಓಡಾಟ ಮಾತ್ರ ಇನ್ನೂ ನಿಂತಿಲ್ಲ. ಈ ಗಾಡಿಯಲ್ಲಿ ಹೋಗಿದ್ದು ಮದುವೆಗಿಂತ ಹೆಚ್ಚಾಗಿ ಹೊಲಕ್ಕೆ. ಹಿಂದಿನ ಸೀಟು ಮಡಚಿ ಗೊಬ್ಬರದ ಚೀಲ ಹೇರಿ ಹೇರಿ, ಗೊಬ್ಬರದ ಉಪ್ಪು ತಗಡನ್ನು ತಿಂದುಹಾಕಿತ್ತು. ಕಾಲಿಡುವ ಜಾಗದಲ್ಲಿ ರಸ್ತೆ ಕಾಣ್ತಿತ್ತು.

ಆರ್‌ಸಿಗೆ 15 ವರ್ಷ ತುಂಬುತ್ತಾ ಬಂದಿತ್ತು. ಎಫ್‌ಸಿ ಮಾಡಿಸಿದ್ರೆ ಇನ್ನೈದು ವರ್ಷ, ಇಲ್ಲಾಂದ್ರೆ ಗುಜರಿ. "ಗುಜ್ರಿಗೆ ಹಾಕ್ಬುಡನ ಬಿಡ್ರಪ್ಪ" ಅಂದ್ರು ಅಪ್ಪಾಜಿ. ಅದು ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. ಅವರದು ಹೊಗೆಸೊಪ್ಪಿನ ಬೇಸಾಯ. ಬ್ಯಾರನ್‌ಗೆ ಸೌದೆ, ಕೂಲಿ, ಬ್ಯಾಂಕಿನ ಸಾಲ, ಎಲ್ಲದಕ್ಕೂ ಹರಾಜಿನ ದುಡ್ಡು ಬರೋವರೆಗೆ ಕಾಯಬೇಕು. ಆ ಲೆಕ್ಕದಲ್ಲಿ ಹಳೇ ಕಾರಿಗೆ ಜಾಗ ಇರಲಿಲ್ಲ. ಫಸ್ಟ್ ಇಯರ್ ಮುಗಿದ ರಜೆಯಲ್ಲಿ ನಾವು ಕೇಳಿದ್ದು ಒಂದೂವರೆ ತಿಂಗಳು ಟೈಮು. ದುಡ್ಡು ನಮ್ಮ ನಾಲ್ವರದು.

ದೊಡ್ಡ ಎಂಜಿನ್, ಗುಡುಗೋ ಸೈಲೆನ್ಸರ್ ಯಾಕೆ ಹಾಕಲಿಲ್ಲ ಅಂತ ಕೇಳೋರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ನಮ್ಮ ಗಾಡಿ ಎಫ್‌ಸಿಗೆ ಹೋಗಬೇಕಿತ್ತು. ಹಾಗಾಗಿ ಎಂಜಿನ್, ಚಕ್ರ, ಬಣ್ಣ ಮೂರೂ ಇದ್ದಿದ್ದೇ. ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿದ್ವಿ. ಸೀಟು ಬಿಚ್ಚಿ ಹೊಲಿಸಿದ್ವಿ. ಹುಣಸೂರಿನ ಒಂದು ಸಾಮಿಲ್‌ನಲ್ಲಿ ಸಿಕ್ಕ ತೇಗದ ತುಂಡಿನಿಂದ ಡ್ಯಾಶ್‌ಬೋರ್ಡಿಗೆ ಒಂದು ಪಟ್ಟಿ ಮಾಡಿಸಿದ್ವಿ. ಹಿಂದೆ ಚೀಲ ಇಡೋಕೆ ತೆಗೆದು ತೊಳೆಯುವಂಥ ಟ್ರೇ ಕೂರಿಸಿದ್ವಿ.

ಇನ್ನು ಹೆಡ್‌ಲೈಟ್. ರಾತ್ರಿ ಓಡಿಸಿದ್ರೆ ಮುಂದೆ ಲಾಟೀನು ಹಿಡಿದ ಹಾಗಿತ್ತು. ನಾವು ಎಲ್‌ಇಡಿ ಹಾಕೋಣ ಅಂತ ಮೊಬೈಲಲ್ಲಿ ರೇಟು ನೋಡ್ತಾ ಕೂತಿದ್ವಿ. ನಮ್ಮ ಮೇಸ್ತ್ರಿ ಬಾನೆಟ್ ಎತ್ತಿ, ಒಂದು ಸಲ ಲೈಟ್ ಹಾಕಿಸಿ ನೋಡಿ ಹೇಳಿದ್ರು: "ಬ್ಯಾಟ್ರಿ ಚೆನ್ನಾಗದೆ, ಬಲ್ಬೂ ಚೆನ್ನಾಗದೆ. ಕರೆಂಟು ದಾರೀಲೇ ಸುಸ್ತಾಯ್ತದೆ ಕಣ್ರಪ್ಪ."

ಮಲ್ಟಿಮೀಟರ್ ಹಿಡಿದ್ವಿ. ಎಂಜಿನ್ ಆನ್ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹತ್ತಿರ 12.3. ಎರಡು 60 ವ್ಯಾಟ್ ಬಲ್ಬು ಅಂದ್ರೆ ಸುಮಾರು 10 ಆಂಪ್. ಅಷ್ಟೂ ಕರೆಂಟು ಸ್ಟೇರಿಂಗ್ ಪಕ್ಕದ ಸವೆದ ಸ್ವಿಚ್ಚಿನ ಮೂಲಕ, ಸಣ್ಣ ತಂತಿಯಲ್ಲಿ ಸುತ್ತಿ ಬರಬೇಕಿತ್ತು. ಒಂದೂವರೆ ವೋಲ್ಟ್ ತಾನೇ ಅನ್ನಬೇಡಿ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಲೆಕ್ಕ ಹಾಕಿದ್ರೆ, ಹತ್ತಿರ ಹತ್ತಿರ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಹೋಗಿತ್ತು. ಫಸ್ಟ್ ಇಯರ್ ಎಲೆಕ್ಟ್ರಿಕಲ್‌ನಲ್ಲಿ ನಾವು ಓದಿದ ವೋಲ್ಟೇಜ್ ಡ್ರಾಪ್ ಇದೇ. ಕನ್ನಡದಲ್ಲಿ ಹೇಳಿ ಅಂದಿದ್ರೆ ನಮಗೆ ಬರ್ತಿರಲಿಲ್ಲ. ಮೇಸ್ತ್ರಿ ಒಂದೇ ಪದದಲ್ಲಿ ಹೇಳಿದ್ರು, ಸುಸ್ತು.

ಅವರಿಗೆ ಹೇಗೆ ಗೊತ್ತು? ಅವರು ಕೈಪಳಗಿಸಿಕೊಂಡಿದ್ದು ಜಾವಾ, ಯೆಜ್ಡಿ ಮೇಲೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು. 1961ರಲ್ಲಿ ಅಲ್ಲಿ ಬೈಕ್ ತಯಾರಾಗೋಕೆ ಶುರುವಾಯ್ತು, 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಆ ಹಳೇ ಬೈಕುಗಳಲ್ಲಿ 6 ವೋಲ್ಟಿನ ಬ್ಯಾಟರಿ. ಅಷ್ಟೇ ವ್ಯಾಟಿನ ಬಲ್ಬು ಉರಿಯೋಕೆ 12 ವೋಲ್ಟಿನ ಗಾಡಿಗಿಂತ ಎರಡರಷ್ಟು ಕರೆಂಟ್ ಬೇಕು, ಅಂದ್ರೆ ಅದೇ ತಂತಿಯಲ್ಲಿ ಎರಡರಷ್ಟು ಡ್ರಾಪ್. ಸ್ವಲ್ಪ ತುಕ್ಕು ಹಿಡಿದ್ರೂ ಲೈಟು ಮಂಕು. ಅಂಥ ಗಾಡಿಗಳ ಜೊತೆ ವಯಸ್ಸು ಕಳೆದವರಿಗೆ ಮೀಟರ್ ಯಾಕೆ ಬೇಕು?

ಮಾಡಿದ ಕೆಲಸ ಸಣ್ಣದು. ಎರಡು ರಿಲೇ, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್, ದಪ್ಪ ತಂತಿ, ಒಳ್ಳೇ ಅರ್ಥಿಂಗ್. ಈಗ ಹಳೇ ಸ್ವಿಚ್ಚು ರಿಲೇಗೆ ಸನ್ನೆ ಕೊಟ್ರೆ ಸಾಕು, ಭಾರ ಹೊರಬೇಕಿಲ್ಲ. ಬಲ್ಬು ಮೊದಲಿನದೇ. ಖರ್ಚು 900 ರೂಪಾಯಿ. ಬಲ್ಬಿನ ಹತ್ತಿರ 13.6 ವೋಲ್ಟ್ ಬಂತು.

ಎಫ್‌ಸಿ ಆಯ್ತು. ಆಮೇಲೆ ಫೋಟೋ ಸಮೇತ ಮ್ಯಾಗಜಿನ್‌ಗೆ ಬರೆದ್ವಿ. ಪುಟ ಬಂತು. ತೇಗದ ಪಟ್ಟಿಗೆ ಅರ್ಧ ಪುಟದ ಫೋಟೋ, ಸೀಟಿಗೊಂದು, ಟ್ರೇಗೊಂದು. ನಾಲ್ಕು ಜನ ಇಂಜಿನಿಯರಿಂಗ್ ಹುಡುಗರು ಕಟ್ಟಿದ ಕಾರು ಅಂತ ಬರೆದಿದ್ರು. ನಾವು ಕಳಿಸಿದ ಐದು ಹೆಸರಲ್ಲಿ ನಾಲ್ಕೇ ಅಚ್ಚಾಗಿತ್ತು. ರಿಲೇ ಬಗ್ಗೆ ಒಂದು ಸಾಲೂ ಇಲ್ಲ. ಕಪ್ಪು ಡಬ್ಬಿ, ಕಪ್ಪು ತಂತಿ, ಫೋಟೋ ತೆಗೆದ್ರೆ ಏನು ಕಾಣುತ್ತೆ?

ಪುಟ ತಗೊಂಡು ಗ್ಯಾರೇಜಿಗೆ ಹೋಗಿ ಮೇಸ್ತ್ರಿಗೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದ್ವಿ. ಪೂರ್ತಿ ಕೇಳಿ, "ವೈರಿಂಗು ಎಲ್ಲದೆ?" ಅಂದ್ರು. ಹೆಸರು ಎಲ್ಲಿದೆ ಅಂತ ಕೇಳಲಿಲ್ಲ. ಅವರು ಹೆಸರನ್ನೇ ಕೇಳಿದ್ರೆ ನಮಗೆ ಇಷ್ಟು ಕಸಿವಿಸಿ ಆಗ್ತಿರಲಿಲ್ಲ. ಮ್ಯಾಗಜಿನ್‌ಗೆ ಮತ್ತೆ ಬರೆದಿದ್ದೀವಿ. ಅಲ್ಲಿ ಬರದೇ ಇದ್ದದ್ದು ಇಲ್ಲಾದ್ರೂ ಬರಲಿ ಅಂತ ಈ ಬರಹ.

ಅಪ್ಪಾಜಿ ಆ ಪುಟ ನೋಡಿ ನಕ್ಕು, ಟಿವಿ ಪಕ್ಕ ಇಟ್ರು. ಗುಜರಿ ಮಾತು ನಿಂತಿದ್ದು ಅದರಿಂದಲ್ಲ. ಸೊಪ್ಪು ಬೇಯುವ ಐದಾರು ದಿನ ರಾತ್ರಿಯೂ ಬ್ಯಾರನ್ ಶಾಖ ನೋಡ್ತಾ ಇರಬೇಕು, ಅವರು ನಡುರಾತ್ರಿ ಮನೆಗೂ ಹೊಲಕ್ಕೂ ಓಡಾಡ್ತಾರೆ. ಈ ಸಲದ ಸೀಸನ್‌ನಲ್ಲಿ ಒಂದು ಬೆಳಗ್ಗೆ ಫೋನ್ ಮಾಡಿ, "ಲೈಟು ಈಗ ಹಳ್ಳದವರ್ಗೂ ಬೀಳ್ತದೆ ಕಣ್ರೋ" ಅಂದ್ರು. ಅಷ್ಟೇ ಹೇಳಿ ಇಟ್ರು.

ನಿಮ್ಮ ಮನೆಯಲ್ಲೂ ಒಂದು ಹಳೇ ಗಾಡಿ ಇರುತ್ತೆ. ಸ್ಟಿಕ್ಕರ್ ಅಂಟಿಸೋ ಮುಂಚೆ ಒಂದು ಸಲ ಮಲ್ಟಿಮೀಟರ್ ಹಿಡಿದು ನೋಡಿ. ಪಕ್ಕದಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ರೆ ಇನ್ನೂ ಒಳ್ಳೇದು.