ಬೆಳಗೊಳದ ಒಂದು ಶಾಸನ

ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಬೆಟ್ಟವನ್ನೇರಿ ಗೊಮ್ಮಟನನ್ನು ಕಂಡು ಕೃತಾರ್ಥರಾಗಿ ಹಿಂದಿರುಗುವರು. ಊರೊಳಗಿನ ಭಂಡಾರಿ ಬಸದಿಯಲ್ಲಿರುವ ಕ್ರಿ. ಶ. 1368ರ ಶಿಲಾಶಾಸನವನ್ನು ನಿಂತು ನೋಡುವವರು ವಿರಳ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಲು, ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಕಲಶಗಳು ಜೈನರಿಗೆ ಮೊದಲಿನಂತೆಯೇ ಸಲ್ಲಬೇಕೆಂದು ವಿಧಿಸಿದನು.

ಆದರೆ ರಾಜಾಜ್ಞೆಯೊಂದರಿಂದಲೇ ಧರ್ಮವು ನಿಲ್ಲದಷ್ಟೆ! ಜೈನರು ಮನೆಗೊಂದು ಹಣದಂತೆ ವರ್ಷಂಪ್ರತಿ ಕೊಡತಕ್ಕದ್ದು. ಅದರಿಂದ ವೈಷ್ಣವರು ಬೆಳಗೊಳದ ದೇವರಿಗೆ 20 ಮಂದಿ ಮೈಗಾವಲಿನವರನ್ನು ನೇಮಿಸತಕ್ಕದ್ದು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಹೀಗೆ ಜೈನರ ದೇವರನ್ನು ಕಾಯಿಸುವ ಭಾರವು ಪ್ರತಿಪಕ್ಷದವರ ಮೇಲೆಯೇ ಬಿದ್ದಿತು.

ಆ ಅರಸೊತ್ತಿಗೆಯು ಅಳಿದು ಶತಮಾನಗಳಾದುವು. ರಾಜ್ಯವು ನಿಯಮವನ್ನು ವಿಧಿಸಬಲ್ಲುದು. ನೆರೆಯವನ ಬಾಗಿಲನ್ನು ಕಾಯುವ ಬುದ್ಧಿಯು ಮಾತ್ರ ಮನೆಮನೆಯಲ್ಲಿಯೇ ಹುಟ್ಟಬೇಕು.